ಒಂದು ಅಳತೆ ಬದಲಾದರೆ

ಮಾಲೂರು ತಾಲ್ಲೂಕಿನ ಶಿವಾರಪಟ್ಟಣ ಶಿಲ್ಪಿಗಳ ಊರು. ಕಲ್ಲು ಕೆತ್ತುವ ಮನೆತನಗಳು ಅಲ್ಲಿ ತಲೆಮಾರುಗಳಿಂದ ಇವೆ. ಮೂರು ಅಡಿಯ ವಿಗ್ರಹ ಬೇಕೆಂದು ಒಬ್ಬರು ಬರುತ್ತಾರೆ, ಅದೇ ದೇವರು ನಾಲ್ಕೂವರೆ ಅಡಿ ಇರಲಿ ಎಂದು ಇನ್ನೊಬ್ಬರು. ಮುಖ ಎಷ್ಟುದ್ದ, ತೊಡೆ ಎಷ್ಟುದ್ದ ಎಂದು ಶಿಲ್ಪಿ ಪ್ರತಿಸಲವೂ ಹೊಸದಾಗಿ ಯೋಚಿಸುತ್ತ ಕೂರಬೇಕೆ?

ಕೂರಬೇಕಿಲ್ಲ. ಶಿಲ್ಪಶಾಸ್ತ್ರದಲ್ಲಿ ತಾಳಮಾನ ಎಂಬ ಲೆಕ್ಕವಿದೆ. ನವತಾಳದ ಮೂರ್ತಿ ಎಂದರೆ ಒಟ್ಟು ಎತ್ತರ 108 ಅಂಗುಲ. ಈ ಅಂಗುಲ ಅಳತೆಪಟ್ಟಿಯ ಮೇಲಿನದಲ್ಲ. ಬೇಕಾದ ಎತ್ತರವನ್ನು 108 ಭಾಗ ಮಾಡಿದಾಗ ಸಿಗುವ ಒಂದು ಭಾಗವೇ ಆ ಮೂರ್ತಿಯ ಅಂಗುಲ. ದೇಹಲಬ್ಧಾಂಗುಲ ಎಂದು ಅದರ ಹೆಸರು. ಅಂಥ ಹನ್ನೆರಡು ಸೇರಿದರೆ ಒಂದು ತಾಳ. ಪ್ರಚಲಿತವಾದ ಒಂದು ಲೆಕ್ಕದಲ್ಲಿ ಮುಖಕ್ಕೆ 12, ಕೊರಳಿಗೆ 4, ಕೊರಳಿಂದ ಎದೆಗೆ 12, ಎದೆಯಿಂದ ಹೊಕ್ಕುಳಿಗೆ 12, ಅಲ್ಲಿಂದ ಕಿಬ್ಬೊಟ್ಟೆಯ ಕೊನೆಗೆ 12, ತೊಡೆಗೆ 24, ಮಂಡಿಗೆ 4, ಮಂಡಿಯ ಕೆಳಗಿನ ಕಾಲಿಗೆ 24, ಪಾದಕ್ಕೆ 4. ಕೂಡಿ ನೋಡಿ, 108 ಆಗುತ್ತದೆ. ಮೂರಡಿಯ ಮೂರ್ತಿಗೆ ಅಂಗುಲವೆಂದರೆ ಇಂಚಿನ ಮೂರನೇ ಒಂದು ಭಾಗ. ಮುಖ 4 ಇಂಚು, ತೊಡೆ 8 ಇಂಚು. ನಾಲ್ಕೂವರೆ ಅಡಿಯದಕ್ಕೆ ಅಂಗುಲ ಅರ್ಧ ಇಂಚು. ಮುಖ 6, ತೊಡೆ 12. ಬದಲಾದದ್ದು ಒಂದೇ ಸಂಖ್ಯೆ, ಮಿಕ್ಕವೆಲ್ಲ ಅದರ ಹಿಂದೆಯೇ ನಡೆದವು. ಗಣಪತಿಗೆ ಶಾಸ್ತ್ರ ಕೊಟ್ಟಿರುವುದು ಐದೇ ತಾಳ. ಅದಕ್ಕೇ ಎಷ್ಟು ದೊಡ್ಡದಾಗಿ ಕಡೆದರೂ ಗಣಪ ಗಿಡ್ಡನೇ. ಮುಳಬಾಗಿಲಿನ ಬಳಿ ಕುರುಡುಮಲೆಯಲ್ಲಿ ಎರಡಾಳೆತ್ತರ ಕೂತಿದ್ದರೂ ಅವನು ಗುಜ್ಜಾರಿಯೇ.

ಇಂಜಿನಿಯರಿಂಗ್ ಓದುವ ಮಕ್ಕಳು ಕಾಲೇಜಿನ ಲ್ಯಾಬಿನಲ್ಲಿ ಕಲಿಯುವ ಪ್ಯಾರಾಮೆಟ್ರಿಕ್ ಮಾಡೆಲಿಂಗ್‌ನ ತಿರುಳು ಕೂಡ ಇದೇ: ಅಳತೆಗಳನ್ನಲ್ಲ, ಅಳತೆಗಳ ನಡುವಿನ ನಂಟನ್ನು ಬರೆದಿಡುವುದು. ಎಲ್ಲವೂ ನಮ್ಮಲ್ಲಿ ಮೊದಲೇ ಇತ್ತು ಎಂದು ಸಾಧಿಸಲು ನಾನು ಹೊರಟಿಲ್ಲ. ತಾಳಮಾನವನ್ನು ನೋಡಿ ಯಾರೂ ಸಾಫ್ಟ್‌ವೇರ್ ಬರೆಯಲಿಲ್ಲ. ಅದು ಹುಟ್ಟಿದ್ದು ಬೇರೆಯೇ ಒಂದು ಕಷ್ಟದಿಂದ.

ಆ ಕಷ್ಟ ಡ್ರಾಯಿಂಗ್ ಬೋರ್ಡಿನದು. ಕೋಲಾರ ಜಿಲ್ಲೆಯವರಿಗೆ ಗೊತ್ತಿರುವ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಸರ್ಕಾರ 1964ರಲ್ಲಿ ಸ್ಥಾಪಿಸಿದ ಬೆಮೆಲ್ ಕೆಜಿಎಫ್‌ನ ತನ್ನ ಕಾರ್ಖಾನೆಯಲ್ಲಿ ಬುಲ್ಡೋಜರ್, ಎಕ್ಸ್‌ಕವೇಟರ್‌ಗಳನ್ನು ತಯಾರಿಸುತ್ತದೆ. ಇಂಥ ಯಂತ್ರದಲ್ಲಿ ಬಿಡಿಭಾಗಗಳು ಸಾವಿರಾರು. 40 ಮಿಲಿಮೀಟರಿನ ಒಂದು ಶಾಫ್ಟನ್ನು 45 ಮಾಡಬೇಕಾಯಿತು ಎನ್ನಿ. ಬೇರಿಂಗ್ ಬದಲಾಗಬೇಕು, ಬೇರಿಂಗ್ ಕೂರುವ ಗೂಡು ಹಿಗ್ಗಬೇಕು, ಗೂಡಿನ ಮುಚ್ಚಳ ದೊಡ್ಡದಾಗಬೇಕು, ಬೋಲ್ಟುಗಳ ತೂತು ಜರುಗಬೇಕು. ಕಾಗದದ ಕಾಲದಲ್ಲಿ ಇದಕ್ಕೆ ಪ್ರತಿ ಟ್ರೇಸಿಂಗ್ ಹಾಳೆಯನ್ನೂ ಹುಡುಕಿ ತೆಗೆದು, ಬ್ಲೇಡಿನಿಂದ ಶಾಯಿ ಕೆರೆದು, ಮತ್ತೆ ಬರೆದು, ಹೊಸ ಪ್ರಿಂಟ್ ತೆಗೆಯಬೇಕಿತ್ತು. ಒಂದು ಹಾಳೆ ಕಣ್ತಪ್ಪಿದರೆ ಅದು ತಿಳಿಯುವುದು ಶಾಪ್‌ಫ್ಲೋರಿನಲ್ಲಿ, ಲೋಹ ಕತ್ತರಿಸಿ ಆದ ಮೇಲೆ. 1982ರಲ್ಲಿ ಬಂದ ಆಟೋಕ್ಯಾಡ್ ಕೆರೆಯುವ ಕಷ್ಟವನ್ನು ತಪ್ಪಿಸಿತು, ಹುಡುಕುವ ಕಷ್ಟವನ್ನಲ್ಲ. ಪರದೆಯ ಮೇಲಿನ ಗೆರೆಗೆ ತಾನು ಶಾಫ್ಟಿನ ಅಂಚು ಎಂಬುದು ತಿಳಿದಿರಲಿಲ್ಲ.

ಗೆರೆಗೆ ಆ ತಿಳಿವಳಿಕೆ ಕೊಡಲು ಸಾಧ್ಯ ಎಂದು ಮೊದಲು ತೋರಿಸಿದವರು ಅಮೆರಿಕದ ಎಂಐಟಿಯಲ್ಲಿ ಸಂಶೋಧಕರಾಗಿದ್ದ ಐವನ್ ಸದರ್ಲೆಂಡ್. ಅವರ 1963ರ ಸ್ಕೆಚ್‌ಪ್ಯಾಡ್‌ನಲ್ಲಿ ಬೆಳಕಿನ ಪೆನ್ನಿನಿಂದ ಪರದೆಯ ಮೇಲೆ ಬರೆಯಬಹುದಿತ್ತು. ಈ ಎರಡು ಗೆರೆ ಸಮಾಂತರವಾಗಿರಲಿ, ಆ ಎರಡು ಸಮನಾಗಿರಲಿ ಎಂದು ಕಟ್ಟುಹಾಕಬಹುದಿತ್ತು. ಆದರೆ ಅದು ಓಡುತ್ತಿದ್ದ ಟಿಎಕ್ಸ್-2 ಎಂಬ ಕಂಪ್ಯೂಟರ್ ಒಂದು ಕೋಣೆಯಷ್ಟು ದೊಡ್ಡದು. ಆ ವಿಚಾರವನ್ನು ಕಾರ್ಖಾನೆಗೆ ತಂದವರು ಸೋವಿಯತ್ ರಷ್ಯಾ ಬಿಟ್ಟು ಅಮೆರಿಕಕ್ಕೆ ವಲಸೆ ಬಂದ ಗಣಿತಜ್ಞ ಸ್ಯಾಮ್ಯುಯೆಲ್ ಗೈಸ್‌ಬರ್ಗ್. 1985ರಲ್ಲಿ ಅವರು ಕಟ್ಟಿದ ಕಂಪನಿಯ ಹೆಸರೇ ಪ್ಯಾರಾಮೆಟ್ರಿಕ್ ಟೆಕ್ನಾಲಜಿ. ಅದರ ಪ್ರೊ-ಇಂಜಿನಿಯರ್ ಮೂರು ವರ್ಷಗಳಲ್ಲಿ ಮಾರುಕಟ್ಟೆಗೆ ಬಂತು. ಅದರಲ್ಲಿ ಗೂಡಿನ ಅಳತೆಯನ್ನು ಸಂಖ್ಯೆಯಾಗಿ ಅಲ್ಲ, ಶಾಫ್ಟಿಗಿಂತ ಇಷ್ಟು ಹೆಚ್ಚು ಎಂದು ಬರೆಯಬಹುದಿತ್ತು. 40 ಅಳಿಸಿ 45 ಎಂದು ಒತ್ತಿದರೆ ಇಡೀ ಜೋಡಣೆ ತನ್ನನ್ನು ತಾನೇ ಮತ್ತೆ ಕಟ್ಟಿಕೊಳ್ಳುತ್ತಿತ್ತು. 1995ರಲ್ಲಿ ಸಾಲಿಡ್‌ವರ್ಕ್ಸ್ ಬಂದು, ಇದೇ ಕೆಲಸವನ್ನು ಸಾಮಾನ್ಯ ವಿಂಡೋಸ್ ಕಂಪ್ಯೂಟರಿನ ಮೇಲೆ ಮಾಡಿತು. ಸಣ್ಣ ಕಾರ್ಖಾನೆಗಳಿಗೆ ಇದು ಕೈಗೆಟುಕಿದ್ದು ಅಲ್ಲಿಂದಾಚೆಗೆ.

ಈಗ ಕೋಲಾರಕ್ಕೆ ಮರಳಿದರೆ ನೋಟ ಬೇರೆಯಾಗಿದೆ. ಕೆಜಿಎಫ್‌ನ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ನರಸಾಪುರದಲ್ಲಿ 2013ರಲ್ಲಿ ಹೋಂಡಾ ದ್ವಿಚಕ್ರ ವಾಹನಗಳ ಕಾರ್ಖಾನೆ ಶುರುವಾಯಿತು. ಐಫೋನ್ ಜೋಡಿಸುವ ಘಟಕವೂ ಅಲ್ಲೇ ಇದೆ. ವಿಸ್ಟ್ರಾನ್ ಕೈಯಲ್ಲಿದ್ದ ಅದು 2023ರಲ್ಲಿ ಟಾಟಾ ಪಾಲಾಯಿತು. ಮಾಲೂರಿನಲ್ಲಿ ಹೆಂಚು, ಇಟ್ಟಿಗೆಯ ಗೂಡುಗಳ ಜತೆಗೆ ಕೈಗಾರಿಕಾ ಪ್ರದೇಶವೂ ಬೆಳೆದಿದೆ. ಸ್ಕೂಟರು, ಫೋನು ನಮ್ಮ ಜಿಲ್ಲೆಯಲ್ಲಿ ತಯಾರಾಗುತ್ತವೆ ಎಂಬ ಹೆಮ್ಮೆ ಸಹಜವೇ. ಆದರೆ ಅವುಗಳ ಅಳತೆ ನಿರ್ಧಾರವಾಗುವುದು ಇಲ್ಲಲ್ಲ.

ಇದು ಬರೀ ಭಾವನೆಯ ಮಾತಲ್ಲ, ಫೈಲಿನ ಮಟ್ಟದಲ್ಲೇ ಕಾಣುವ ವಿಷಯ. ಒಂದು ಸಾಫ್ಟ್‌ವೇರಿನಿಂದ ಇನ್ನೊಂದಕ್ಕೆ ಮಾದರಿಯನ್ನು ಕಳಿಸಲು ಸ್ಟೆಪ್ ಎಂಬ ಅಂತಾರಾಷ್ಟ್ರೀಯ ಮಾನದಂಡವಿದೆ, 1994ರಿಂದ. ಸಾಮಾನ್ಯವಾಗಿ ಸ್ಟೆಪ್ ಫೈಲಿನಲ್ಲಿ ಆಕಾರ ಬರುತ್ತದೆ, ಆಕಾರದ ಹಿಂದಿನ ನಂಟು ಬರುವುದಿಲ್ಲ. ತೂತು 45 ಎಂಬುದು ತಿಳಿಯುತ್ತದೆ. ಏಕೆ 45, ಯಾವುದರ ಜತೆ ಅದು ಬದಲಾಗಬೇಕು ಎಂಬುದು ಕಳಿಸಿದವರ ಹತ್ತಿರವೇ ಉಳಿಯುತ್ತದೆ. ಅದರ ಪ್ರಕಾರ ಬಿಡಿಭಾಗ ಮಾಡಿಕೊಡುವ ಶೆಡ್ಡಿನವರು ಮೈಕ್ರಾನಿನಷ್ಟು ನಿಖರವಾಗಿ ಕತ್ತರಿಸಬಲ್ಲರು, ಆದರೆ ಮುಂದಿನ ಮಾದರಿಯನ್ನು ತಾವೇ ರೂಪಿಸುವ ದಾರಿ ಆ ಫೈಲಿನಲ್ಲಿಲ್ಲ. ಶಿವಾರಪಟ್ಟಣದ ಶಿಲ್ಪಿ ಹಾಗಲ್ಲ. ಅವನ ಬಳಿ ಮೂರ್ತಿಯೂ ಇದೆ, ಮೂರ್ತಿ ಹುಟ್ಟುವ ಲೆಕ್ಕವೂ ಇದೆ. ಆ ಲೆಕ್ಕವೂ ಬಹುಕಾಲ ಕುಲಕಸುಬಿನ ಬೇಲಿಯೊಳಗೇ ಇತ್ತು, ಈ ಮಾತನ್ನೂ ಆಡಲೇಬೇಕು. ಆ ಬೇಲಿ ಜಾತಿಯದು, ಈ ಬೇಲಿ ಲೈಸೆನ್ಸಿನದು.

ಎರಡನೆಯದರಲ್ಲಿ ಒಂದು ಕಿಂಡಿ ತೆರೆದಿದೆ. ಜರ್ಮನಿಯ ಯೂರ್ಗೆನ್ ರೀಗೆಲ್ ಮತ್ತು ವೆರ್ನರ್ ಮಾಯರ್ 2002ರಲ್ಲಿ ಬಿಡುಗಡೆ ಮಾಡಿದ ಫ್ರೀಕ್ಯಾಡ್ ಮುಕ್ತ ತಂತ್ರಾಂಶ. ಹಣ ಕೊಡಬೇಕಿಲ್ಲ, ಒಳಗಿನ ಕೋಡನ್ನೂ ಓದಬಹುದು. ವರ್ಷಗಟ್ಟಲೆ ಅದಕ್ಕೊಂದು ರೋಗವಿತ್ತು. ಮಾದರಿಯ ಆರಂಭದ ಒಂದು ಹಂತವನ್ನು ಬದಲಿಸಿದರೆ ಮುಖ, ಅಂಚುಗಳ ಹೆಸರು ಅದಲುಬದಲಾಗಿ, ಮುಂದಿನ ತೂತು ಎಲ್ಲೋ ಹೋಗಿ ಬೀಳುತ್ತಿತ್ತು. ನಂಟನ್ನು ಬರೆದಿಡುವುದು ಎಷ್ಟು ಕಷ್ಟವೆಂಬುದು ಇದರಿಂದಲೇ ತಿಳಿಯುತ್ತದೆ. ಆ ರೋಗಕ್ಕೆ ಮದ್ದು ಸೇರಿದ್ದು 2024ರ ನವೆಂಬರಿನ 1.0 ಆವೃತ್ತಿಯಲ್ಲಿ, ಮೊದಲ ಬಿಡುಗಡೆಯಾಗಿ ಇಪ್ಪತ್ತೆರಡು ವರ್ಷಗಳ ಮೇಲೆ.

ಫ್ರೀಕ್ಯಾಡ್‌ನಲ್ಲಿ ಮಾದರಿಯ ಅಳತೆಗಳನ್ನು ಒಂದು ಕೋಷ್ಟಕಕ್ಕೆ ಕಟ್ಟಿಹಾಕಬಹುದು. ನವತಾಳದ ಲೆಕ್ಕವನ್ನು ಅಲ್ಲಿ ಬರೆಯಲು ಹತ್ತು ಮನೆಗಳು ಸಾಕು: ಮೊದಲನೆಯದರಲ್ಲಿ ಎತ್ತರ, ಮಿಕ್ಕ ಒಂಬತ್ತರಲ್ಲಿ ಅದರಿಂದ ಹುಟ್ಟುವ ಮುಖ, ಕೊರಳು, ತೊಡೆ, ಪಾದ.