ಹುಟ್ಟು ಎಸೆಯಿರಿ ಎಂದವಳು

ನನ್ನ ತರಗತಿಯ ಹುಡುಗಿಯೊಬ್ಬಳು ಮೂರು ದಿನ ಶಾಲೆಗೆ ಬಾರದಿದ್ದಾಗ ವಿಚಾರಿಸಲೆಂದು ಗಂಗೊಳ್ಳಿಯ ಅವಳ ಮನೆಗೆ ಹೋಗಿದ್ದೆ. ಜುಲೈ ತಿಂಗಳು. ದೊಡ್ಡ ಬೋಟುಗಳು ದಡ ಸೇರಿ, ನಾಡದೋಣಿಯವರು ನಾಲ್ಕು ಕಾಸು ಕಾಣುವ ಕಾಲ. ಅಂಥದರಲ್ಲಿ ಅವಳ ಅಪ್ಪ ಜಗಲಿಯಲ್ಲಿ ಗೋಣಿ ಹಾಸಿ, ದೋಣಿಯ ಔಟ್‌ಬೋರ್ಡ್ ಇಂಜಿನ್ ಬಿಚ್ಚಿಕೊಂಡು ಕೂತಿದ್ದರು. ಕಡಲಲ್ಲಿ ಇಂಜಿನ್ ಕಾದು ನಿಂತು, ಬೇರೆ ದೋಣಿಯವರು ಹಗ್ಗ ಕಟ್ಟಿ ಎಳೆದು ತಂದರಂತೆ. ಅವರು ಬರುವವರೆಗೂ ಮಳೆಯಲ್ಲಿ ದಡದಲ್ಲೇ ನಿಂತಿದ್ದ ಅವಳ ಅಮ್ಮ ಜ್ವರ ಹಿಡಿದು ಮಲಗಿದ್ದರು.

"ಕಾಣಿ ಟೀಚರ್, ಇದೇ ಕಳ್ಳ" ಎಂದು ಅವರು ನನ್ನ ಕೈಗಿಟ್ಟದ್ದು ಒಂದು ಪುಟ್ಟ ರಬ್ಬರ್ ಚಕ್ರ. ಎಸಳು ಮುರಿದ ಕಪ್ಪು ಹೂವಿನ ಹಾಗಿತ್ತು. ಇಂಪೆಲ್ಲರ್ ಎನ್ನುತ್ತಾರೆ. ಇಂಜಿನ್ ತಣ್ಣಗಿರಲು ಕಡಲ ನೀರನ್ನೇ ಮೇಲಕ್ಕೆ ತಳ್ಳುವುದು ಇದರ ಕೆಲಸ. ಮರಳು ಸೇರಿದರೆ ಸವೆಯುತ್ತದೆ. ನೀರಿಲ್ಲದೆ ತಿರುಗಿದರಂತೂ ಸ್ವಲ್ಪ ಹೊತ್ತಿಗೇ ಸುಟ್ಟುಹೋಗುತ್ತದೆ. ಮುರಿದ ಚೂರುಗಳನ್ನು ಅವರು ಎಣಿಸಿ ಎಣಿಸಿ ಹುಡುಕುತ್ತಿದ್ದರು. ಒಂದು ಚೂರು ಕೊಳವೆಯಲ್ಲಿ ಉಳಿದರೂ ಹೊಸ ಚಕ್ರ ಹಾಕಿ ಪ್ರಯೋಜನವಿಲ್ಲವಂತೆ.

ಜೇಮ್ಸ್ ವ್ಯಾಟನ ಉಗಿಯಂತ್ರವನ್ನು ವರ್ಷ ವರ್ಷ ಪಾಠ ಮಾಡುವ ನನಗೆ, ನಮ್ಮ ಮಕ್ಕಳ ಅನ್ನದ ಈ ಇಂಜಿನ್ನಿನ ಚರಿತ್ರೆ ಗೊತ್ತಿರಲಿಲ್ಲ. ಹುಡುಕಿ ಓದಿದೆ. ನಾರ್ವೆಯಲ್ಲಿ 1877ರಲ್ಲಿ ಹುಟ್ಟಿ ಚಿಕ್ಕಂದಿನಲ್ಲೇ ಅಮೆರಿಕಕ್ಕೆ ಬಂದ ಓಲೆ ಎವಿನ್‌ರೂಡ್ ಎಂಬವನ ಹೆಸರು ಇದಕ್ಕೆ ಅಂಟಿಕೊಂಡಿದೆ. ಅವನೇ ಮೊದಲಿಗನಲ್ಲ, ಕ್ಯಾಮೆರಾನ್ ವಾಟರ್‌ಮನ್ ಅವನಿಗಿಂತ ಮುಂಚೆಯೇ ಇಂಥ ಇಂಜಿನ್ ಮಾಡಿ ಮಾರಿದ್ದ. ಆದರೂ ಕಥೆ ಓಲೆಯದೇ. ವಿಸ್ಕಾನ್ಸಿನ್ನಿನ ಕೆರೆಯೊಂದರ ಬಳಿ ವಿಹಾರಕ್ಕೆ ಹೋದಾಗ, ತಾನು ಮೆಚ್ಚಿದ ಬೆಸ್ ಎಂಬ ಹುಡುಗಿ ಐಸ್‌ಕ್ರೀಮ್ ಬೇಕೆಂದಳೆಂದು ಉರಿಬಿಸಿಲಲ್ಲಿ ದೋಣಿ ನಡೆಸಿಕೊಂಡು ಹೋದನಂತೆ. ಬರುವಷ್ಟರಲ್ಲಿ ಅದು ಕರಗಿತ್ತು. ಮುಂದೆ 1909ರಲ್ಲಿ ಅವನ ಇಂಜಿನ್ ಮಾರಾಟಕ್ಕೆ ಬಂತು. ತೂಕ ಸುಮಾರು 28 ಕಿಲೋ.

ಈ ಐಸ್‌ಕ್ರೀಮಿನ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಬೆಸ್ ಆಮೇಲೆ ಮಾಡಿದ್ದನ್ನು ಅಷ್ಟಾಗಿ ಹೇಳುವುದಿಲ್ಲ. ಗಂಡನ ಮೊದಲ ಇಂಜಿನ್ ಕಂಡು, ಕಾಫಿಬೀಜ ಬೀಸುವ ಯಂತ್ರದ ಹಾಗಿದೆ ಎಂದು ನಕ್ಕವಳು ಅವಳು. ವ್ಯವಹಾರ, ಪತ್ರ, ಲೆಕ್ಕ ಎಲ್ಲವೂ ಅವಳ ಕೈಯಲ್ಲಿ. ಹುಟ್ಟು ಹಾಕುವುದನ್ನು ಬಿಡಿ, ಹುಟ್ಟನ್ನೇ ಎಸೆದುಬಿಡಿ ಎಂಬ ಅರ್ಥದ ಜಾಹೀರಾತು ಬರೆದವಳೂ ಅವಳೇ. ಅವಳ ಆರೋಗ್ಯ ಕೆಟ್ಟಾಗ ಓಲೆ ಕಂಪನಿಯ ತನ್ನ ಪಾಲನ್ನೇ ಮಾರಿಬಿಟ್ಟ. ಅದು ನನಗೆ ಅವನ ಆವಿಷ್ಕಾರಕ್ಕಿಂತ ಹೆಚ್ಚೆನಿಸಿತು. ಅಲ್ಯೂಮಿನಿಯಂ ಬಳಸಿ ಹಗುರ ಮಾಡಿದ ಇಂಜಿನ್ನಿನೊಂದಿಗೆ ಇಬ್ಬರೂ 1921ರಲ್ಲಿ ಮತ್ತೆ ಶುರುಮಾಡಿದರು. ಅದರ ಎಲ್ಟೊ ಎಂಬ ಹೆಸರು ಬೆಸ್ ಇಟ್ಟದ್ದು. 1933ರಲ್ಲಿ ಅವಳು ತೀರಿಕೊಂಡಳು, ಮರುವರ್ಷ ಅವನು. ಎವಿನ್‌ರೂಡ್ ಇಂಜಿನ್ನುಗಳ ತಯಾರಿಕೆ 2020ರಲ್ಲಿ ನಿಂತಿತು.

ಆ ದಿನ ಸಂಜೆಯವರೆಗೂ ನಾನು ಅಲ್ಲೇ ಇದ್ದೆ. ಹೊಸ ಚಕ್ರಕ್ಕೆ ಗ್ರೀಸು ಸವರಿ, ಎಸಳುಗಳು ಒಂದೇ ಕಡೆಗೆ ಬಾಗುವಂತೆ ತಿರುಗಿಸುತ್ತ ಮುಚ್ಚಳದೊಳಗೆ ಕೂರಿಸಿದರು. ನೀರು ತುಂಬಿದ ಡ್ರಮ್ಮಿನಲ್ಲಿ ಇಂಜಿನ್ನಿನ ಕಾಲು ಮುಳುಗಿಸಿ ಹಗ್ಗ ಎಳೆದರು. ಶಬ್ದಕ್ಕೆ ಹುಡುಗಿಯ ಅಮ್ಮ ಕಂಬಳಿ ಹೊದ್ದು ಹೊರಗೆ ಬಂದರು. ಪಕ್ಕದ ಸಣ್ಣ ತೂತಿನಿಂದ ನೀರು ಚಿಮ್ಮಿತು. ಅವರು ಅದರ ಕೆಳಗೆ ಅಂಗೈ ಹಿಡಿದು, ಬಿಸಿಯಿದೆಯೇ ಎಂದು ಸುಮಾರು ಹೊತ್ತು ನೋಡುತ್ತ ನಿಂತರು.