ಎರಡು ಗಾಲಿಗಳೂ ಅಚ್ಚಿನ ಮಸಿಯೂ

ಪತ್ರಿಕೆಗೂ ಬೈಸಿಕಲ್ಲಿಗೂ ಇರುವ ಜಗಳ ಹೆಚ್ಚುಕಡಿಮೆ ಬೈಸಿಕಲ್ಲಿನಷ್ಟೇ ಹಳೆಯದು. 1817ರಲ್ಲಿ ಜರ್ಮನಿಯ ಮ್ಯಾನ್‌ಹೈಮ್ ನಗರದಲ್ಲಿ ಕಾರ್ಲ್ ಫಾನ್ ಡ್ರೈಸ್ ಎಂಬಾತ, ಪೆಡಲಿಲ್ಲದೆ ಕಾಲಿನಿಂದ ನೆಲವನ್ನು ಒದ್ದು ಓಡಿಸಬೇಕಾದ ಮರದ ವಾಹನವೊಂದನ್ನು ಹೊರತಂದ. 1819ರಲ್ಲಿ ಅದು ಲಂಡನ್ನಿನ ಬೀದಿಗೆ ಇಳಿದದ್ದೇ ತಡ, ಅದನ್ನೇರಿದ ಶೋಕಿಲಾಲರನ್ನು ಗೇಲಿಮಾಡುವ ವ್ಯಂಗ್ಯಚಿತ್ರಗಳು ಅಚ್ಚಾಗಿ ಮಾರಾಟಕ್ಕೆ ಬಂದವು. ನಮ್ಮ ಭಾಷೆಯಲ್ಲಂತೂ ಹೆಸರಿನಲ್ಲಿಯೇ ಬೈಸಿಕೊಳ್ಳುವ ಯೋಗವನ್ನು ಹೊತ್ತು ಬಂದ ವಾಹನ ಇದು. ಬೈದವರ ಮಾತು ಹಳೆಯ ಕಡತಗಳಲ್ಲಿ ಧಾರಾಳವಾಗಿ ಸಿಕ್ಕುತ್ತದೆ. ಬೈಸಿಕೊಂಡವರು ಏನು ಮಾಡಿದರು ಎಂಬುದೇ ನಾನು ಇಲ್ಲಿ ಹೇಳಹೊರಟಿರುವ ಚರಿತ್ರೆ.

ಹಗರಿಬೊಮ್ಮನಹಳ್ಳಿಯಂಥ ಊರಿನಲ್ಲಿ ಕುಳಿತು ಇಂಗ್ಲೆಂಡಿನ ಸವಾರರ ಕಥೆಯನ್ನು ಹೇಳುವುದೇಕೆ ಎಂದು ಯಾರಾದರೂ ಕೇಳಬಹುದು. ನಮ್ಮ ಸೀಮೆಯ ದಾರಿಗಳನ್ನು ನೋಡಿದವರಿಗೆ ಈ ಪ್ರಶ್ನೆ ಬಹಳ ಹೊತ್ತು ಉಳಿಯದು. ಮೆಕ್ಕೆಜೋಳ ತುಂಬಿದ ಲಾರಿ, ಎತ್ತಿನ ಗಾಡಿ, ಕುರಿಯ ಹಿಂಡು, ಮಾಘಮಾಸದಲ್ಲಿ ಕೊಟ್ಟೂರ ಬಸವೇಶ್ವರನ ತೇರಿಗೆ ನಡೆದು ಹೊರಟ ಭಕ್ತರು, ಇವರ ನಡುವೆ ಹಿಂದಿನ ಕ್ಯಾರಿಯರಿಗೆ ಸಲಿಕೆ ಕಟ್ಟಿಕೊಂಡ ಕೂಲಿಯವನು, ಪುಸ್ತಕದ ಚೀಲ ಹೊತ್ತ ಹುಡುಗಿ. ಈ ದಾರಿ ಯಾರದು? ವೇಗವಾಗಿ ಹೋಗುವವನದೋ, ಎಲ್ಲರದೋ? ಇಂಗ್ಲೆಂಡಿನ ಜಗಳದ ಬುಡದಲ್ಲಿ ಇದ್ದದ್ದೂ ಇದೇ ಪ್ರಶ್ನೆ.

1870ರ ದಶಕದಲ್ಲಿ, ಮುಂದೆ ಆಳೆತ್ತರದ ಗಾಲಿ, ಹಿಂದೆ ಪುಟ್ಟ ಗಾಲಿ ಇದ್ದ ಸೈಕಲ್ಲುಗಳು ಅಲ್ಲಿನ ಹಳ್ಳಿದಾರಿಗಳಿಗೆ ಬಂದವು. ಕುದುರೆ ಬೆದರುತ್ತದೆ, ಪಾದಚಾರಿಗೆ ಅಪಾಯ, ಇವರು ಮರ್ಯಾದೆಯಿಲ್ಲದ ಪುಂಡರು ಎಂಬ ದೂರುಗಳು ಪತ್ರಿಕೆಗಳಲ್ಲಿ ತುಂಬಿದವು. ಮಾತು ಮಾತಿನಲ್ಲೇ ನಿಲ್ಲಲಿಲ್ಲ. 1876ರಲ್ಲಿ ಸೇಂಟ್ ಆಲ್ಬನ್ಸಿನ ಕುದುರೆ ಕೋಚಿನ ಸಾರಥಿ ಸವಾರನೊಬ್ಬನಿಗೆ ಚಾಟಿ ಬೀಸಿದ. ಕೋಚಿನ ಕಾವಲುಗಾರ ಹಗ್ಗಕ್ಕೆ ಕಟ್ಟಿದ ಕಬ್ಬಿಣದ ಗುಂಡನ್ನು ಗಾಲಿಯ ಕಡ್ಡಿಗಳೊಳಕ್ಕೆ ಎಸೆದು ಸೈಕಲ್ಲನ್ನು ಕೆಡವಿದ. ಒಂದು ವರ್ಗದ ಜನರನ್ನು ಅಚ್ಚಿನಲ್ಲಿ ಪದೇಪದೇ ಪುಂಡರೆಂದು ಕರೆದರೆ, ದಾರಿಯಲ್ಲಿ ಯಾವನೋ ಒಬ್ಬನ ಕೈ ಹಗುರಾಗುತ್ತದೆ. ಅಂಕಣದ ವಿನೋದವನ್ನು ಬರಿಯ ವಿನೋದವೆಂದು ನಾನು ತಳ್ಳಿಹಾಕದಿರುವುದು ಈ ಕಾರಣಕ್ಕೆ.

ಸವಾರರ ಮೊದಲ ಉತ್ತರ ಸಂಘಟನೆ. 1878ರಲ್ಲಿ ಹ್ಯಾರೊಗೇಟಿನಲ್ಲಿ ಹುಟ್ಟಿದ ಪ್ರವಾಸಿ ಸವಾರರ ಸಂಘ, ಕಡಿದಾದ ಇಳಿಜಾರುಗಳ ತಲೆಯಲ್ಲಿ ಎಚ್ಚರಿಕೆಯ ಹಲಗೆಗಳನ್ನು ನೆಡಿಸಿತು. ಎರಡನೆಯ ಉತ್ತರ ಕಾಯಿದೆಯ ಮೂಲಕ ಬಂತು, ಅದೂ ಸ್ವಾರಸ್ಯವಾದ ರೀತಿಯಲ್ಲಿ. 1879ರಲ್ಲಿ ಅತಿವೇಗದ ಸವಾರನೊಬ್ಬನ ಮೊಕದ್ದಮೆಯಲ್ಲಿ ನ್ಯಾಯಸ್ಥಾನ, ಬೈಸಿಕಲ್ಲೂ ಒಂದು ಗಾಡಿಯೇ, ಆದುದರಿಂದ ಗಾಡಿಯ ಕಾಯಿದೆ ಇವನಿಗೂ ಅನ್ವಯಿಸುತ್ತದೆ ಎಂದಿತು. ಸವಾರನಿಗೆ ಅದು ಸೋಲು. ಆದರೆ ಗಾಡಿಯ ಶಿಕ್ಷೆಯನ್ನು ಹೊರಬೇಕಾದವನಿಗೆ ಗಾಡಿಯ ಹಕ್ಕೂ ಇರಬೇಕಷ್ಟೆ. 1888ರ ಸ್ಥಳೀಯ ಸರ್ಕಾರದ ಕಾಯಿದೆ ಇದನ್ನು ಸ್ಪಷ್ಟವಾಗಿ ಬರೆದಿಟ್ಟಿತು: ಬೈಸಿಕಲ್ಲು ಗಾಡಿಗೆ ಸಮ, ರಾತ್ರಿ ದೀಪ ಹಚ್ಚಬೇಕು, ಇನ್ನೊಬ್ಬರನ್ನು ದಾಟಿಹೋಗುವಾಗ ಗಂಟೆ ಬಾರಿಸಿಯೋ ಬೇರೆ ರೀತಿಯಲ್ಲೋ ಎಚ್ಚರಿಸಬೇಕು. ಹೊಣೆಯನ್ನು ಹೊತ್ತು ಸವಾರರು ಹಕ್ಕನ್ನು ಪಡೆದರು. ದೀಪವಿಲ್ಲದೆ ಹೊರಟವನನ್ನು ಪೊಲೀಸಿನವನು ತಡೆದು ನಿಲ್ಲಿಸುತ್ತಿದ್ದ ಕಾಲವನ್ನು ಕಂಡ ನಮ್ಮ ಹಿರಿಯರಿಗೆ ಆ ದೀಪದ ವಂಶಾವಳಿ ಇಷ್ಟು ಹಿಂದಕ್ಕೆ ಹೋಗುತ್ತದೆಂದು ತಿಳಿದರೆ ಸೋಜಿಗವಾದೀತು.

ಮೂರನೆಯ ಉತ್ತರ ಅಚ್ಚಿಗೆ ಅಚ್ಚು. ಸವಾರರು ತಮ್ಮದೇ ಪತ್ರಿಕೆಗಳನ್ನು ತೆಗೆದರು. ಕೊವೆಂಟ್ರಿಯಿಂದ ಹೊರಡುತ್ತಿದ್ದ ‘ಬೈಸಿಕ್ಲಿಂಗ್ ನ್ಯೂಸ್’ ಪತ್ರಿಕೆಗೆ 1886ರಲ್ಲಿ ಸಂಪಾದಕನಾಗಿ ಬಂದ ಆಲ್ಫ್ರೆಡ್ ಹಾರ್ಮ್ಸ್‌ವರ್ತ್ ಎಂಬ ತರುಣನೇ ಹತ್ತು ವರ್ಷಗಳ ಮೇಲೆ ‘ಡೈಲಿ ಮೇಲ್’ ಸ್ಥಾಪಿಸಿ ಪತ್ರಿಕಾ ಲೋಕದ ದೊರೆಯಾದ. ಫ್ರಾನ್ಸಿನಲ್ಲಿ ‘ಲೊಟೊ’ ಪತ್ರಿಕೆ ತನ್ನ ಪ್ರತಿಗಳನ್ನು ಹೆಚ್ಚು ಮಾರಿಕೊಳ್ಳಲೆಂದೇ 1903ರಲ್ಲಿ ‘ಟೂರ್ ದ ಫ್ರಾನ್ಸ್’ ಪಂದ್ಯವನ್ನು ಹೂಡಿತು. ಸವಾರನನ್ನು ಬೈದು ಮಾರಿಕೊಂಡದ್ದೂ ಪತ್ರಿಕೆಯೇ, ಹೊಗಳಿ ಮಾರಿಕೊಂಡದ್ದೂ ಪತ್ರಿಕೆಯೇ.

ಎಲ್ಲಕ್ಕಿಂತ ಹೆಚ್ಚಿನ ಮಸಿ ಬಿದ್ದದ್ದು ಹೆಂಗಸರ ಮೇಲೆ. 1893ರಲ್ಲಿ ಬ್ರೈಟನ್ನಿನ ಟೆಸ್ಸಿ ರೆನಾಲ್ಡ್ಸ್ ಎಂಬ ಹದಿನಾರರ ಹುಡುಗಿ ಲಂಡನ್ನಿಗೆ ಹೋಗಿ ಮರಳುವ ಸುಮಾರು 190 ಕಿಲೋಮೀಟರ್ ದಾರಿಯನ್ನು ಎಂಟೂವರೆ ಗಂಟೆಯಲ್ಲಿ ಮುಗಿಸಿದಳು. ಪತ್ರಿಕೆಗಳು ಅವಳ ಶಕ್ತಿಗಿಂತ ಅವಳು ತೊಟ್ಟಿದ್ದ ಚಲ್ಲಣವನ್ನೇ ಹೆಚ್ಚು ಚರ್ಚಿಸಿದವು. 1895ರಲ್ಲಿ ‘ನ್ಯೂಯಾರ್ಕ್ ವರ್ಲ್ಡ್’, ಸೈಕಲ್ಲೇರುವ ಹೆಣ್ಣು ಏನೇನು ಮಾಡಬಾರದೆಂಬ ಉದ್ದನೆಯ ಪಟ್ಟಿಯನ್ನು ಪ್ರಕಟಿಸಿತು. ಅದೇ ವರ್ಷ, ಐವತ್ತು ದಾಟಿದ ಮೇಲೆ ಸವಾರಿ ಕಲಿತ ಫ್ರಾನ್ಸೆಸ್ ವಿಲ್ಲಾರ್ಡ್ ಎಂಬ ಪಾನನಿರೋಧ ನಾಯಕಿ ತನ್ನ ಕಲಿಕೆಯ ಕಥೆಯನ್ನೇ ಪುಸ್ತಕವಾಗಿ ಬರೆದಳು. 1896ರಲ್ಲಿ ಸೂಸನ್ ಆಂಥನಿ, ಹೆಣ್ಣಿನ ಬಿಡುಗಡೆಗೆ ಸೈಕಲ್ಲಿನಷ್ಟು ನೆರವಾದದ್ದು ಬೇರೊಂದಿಲ್ಲವೆಂಬ ಅಭಿಪ್ರಾಯವನ್ನು ಕೊಟ್ಟದ್ದು ಪಟ್ಟಿ ಪ್ರಕಟಿಸಿದ್ದ ಅದೇ ‘ವರ್ಲ್ಡ್’ ಪತ್ರಿಕೆಯ ಸಂದರ್ಶನದಲ್ಲಿ. ಬೈದ ಅಂಗಳದಲ್ಲಿಯೇ ನಿಂತು ಕೊಟ್ಟ ಉತ್ತರ ಅದು.

ಆದರೆ ಗೆದ್ದ ದಾರಿ ಬಹುಕಾಲ ಕೈಯಲ್ಲಿ ಉಳಿಯಲಿಲ್ಲ. 1886ರಲ್ಲಿ ಸಂಘ ಕಟ್ಟಿ ಒಳ್ಳೆಯ ರಸ್ತೆಗಳಿಗಾಗಿ ಸವಾರರು ಹೋರಾಡಿದರು. ಆ ನುಣುಪು ರಸ್ತೆಗಳ ಮೇಲೆ ಮೋಟಾರು ಬಂತು. 1934ರ ಡಿಸೆಂಬರಿನಲ್ಲಿ ಲಂಡನ್ನಿನ ವೆಸ್ಟರ್ನ್ ಅವೆನ್ಯೂ ಪಕ್ಕದಲ್ಲಿ ಸೈಕಲ್ಲಿಗೆಂದೇ ಪ್ರತ್ಯೇಕ ಪಥವೊಂದು ತೆರೆದಾಗ ಅದನ್ನು ವಿರೋಧಿಸಿದವರು ಸ್ವತಃ ಸವಾರರ ಸಂಘದವರು. ಇಂದು ಪಕ್ಕದಲ್ಲಿ ಜಾಗ ಕೊಟ್ಟವರು ನಾಳೆ ದೊಡ್ಡ ದಾರಿಗೆ ಬರಲೇಬೇಡಿ ಎಂದಾರು ಎಂಬುದು ಅವರ ಅಂಜಿಕೆ. ಅರ್ಧ ಶತಮಾನದ ಬೈಗುಳ ಕಲಿಸಿದ ಅನುಮಾನ ಅದು.

ಈಗ ನಮ್ಮ ಕಡೆಗೆ ಬರೋಣ. 1991ರಿಂದ ಮುಂದೆ ನೆರೆಯ ತಮಿಳುನಾಡಿನ ಪುದುಕ್ಕೋಟೆ ಜಿಲ್ಲೆಯಲ್ಲಿ ಸಾಕ್ಷರತೆಯ ಆಂದೋಲನದೊಡನೆ ಸಾವಿರಾರು ಗ್ರಾಮೀಣ ಹೆಂಗಸರು ಸೈಕಲ್ಲು ಕಲಿತರು. ಬೀದಿಯ ಕುಹಕವನ್ನು ಅವರೂ ಕೇಳಿದರು. ಆದರೆ ಪತ್ರಕರ್ತ ಪಿ. ಸಾಯಿನಾಥ್ ಅಲ್ಲಿಗೆ ಹೋಗಿ ಆ ಹೆಂಗಸರನ್ನೇ ಮಾತನಾಡಿಸಿ ಬರೆದರು. ಲೇಖನಿ ಈ ಸಲ ಸವಾರರ ಪಕ್ಕದಲ್ಲಿ ನಡೆಯಿತು. ಕರ್ನಾಟಕದಲ್ಲಿ 2006–07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರ ಉಚಿತ ಸೈಕಲ್ಲು ಹಂಚಿದಾಗ, ಅವು ಕಳಪೆಯೆಂಬ ದೂರುಗಳು ಪತ್ರಿಕೆಗಳಲ್ಲಿ ಬಂದವು. ಆ ಬಗೆಯ ಟೀಕೆ ಬೇಕು. ಅದು ಸವಾರನ ಪರವಾದ ಟೀಕೆ. ಸೈಕಲ್ಲಿನವರಿಂದ ಸಂಚಾರಕ್ಕೆ ಅಡಚಣೆ ಎಂದು ಮೂಗು ಮುರಿಯುವ ಬರಹದ ಜಾತಿಯೇ ಬೇರೆ. ಬ್ರೇಕು ಹಿಡಿಯುವುದಿಲ್ಲ ಎನ್ನುವುದಕ್ಕೂ ನೀನು ದಾರಿಗೇ ಬರಬೇಡ ಎನ್ನುವುದಕ್ಕೂ ಇರುವ ಅಂತರವನ್ನು ಓದುಗರು ಗುರುತಿಸಬೇಕು.

ಇಂಗ್ಲೆಂಡಿನ ಆ ಮೊದಲ ಸವಾರರಿಗೆ ವಿದ್ಯೆಯಿತ್ತು, ಬಿಡುವಿತ್ತು, ವಕೀಲರಿದ್ದರು, ಸಂಪಾದಕರಿಗೆ ಕಾಗದ ಬರೆಯುವ ಕೈಯಿತ್ತು. ಬೈದವನೂ ಬೈಸಿಕೊಂಡವನೂ ಬೆಳಿಗ್ಗೆ ಒಂದೇ ಪತ್ರಿಕೆಯನ್ನು ಓದುತ್ತಿದ್ದರು. ಹಗರಿಬೊಮ್ಮನಹಳ್ಳಿಯ ದಾರಿಯಲ್ಲಿ ಸಲಿಕೆ ಕಟ್ಟಿಕೊಂಡು ಹೋಗುವವನು ತನ್ನ ಮೇಲೆ ಬಂದ ಅಂಕಣವನ್ನು ಓದುವುದಿಲ್ಲ. ಪತ್ರಿಕೆ ಮಡಿಕೆ ಬಿಚ್ಚುವ ಹೊತ್ತಿಗೆ ಅವನು ಹೊಲದಲ್ಲಿರುತ್ತಾನೆ. ವಾಚಕರ ಪತ್ರಗಳ ಪುಟದಲ್ಲಿ ಅವನ ಉತ್ತರವೂ ಕಾಣುವುದಿಲ್ಲ. ಉತ್ತರ ಬಾರದ್ದರಿಂದ ಆಪಾದನೆ ರುಜುವಾತಾಯಿತೆಂದು ಭಾವಿಸುವುದು ನ್ಯಾಯವಲ್ಲ. ನೂರೈವತ್ತು ವರ್ಷಗಳ ಹಿಂದಿನ ಸವಾರರು ತಮ್ಮ ಪರವಾಗಿ ತಾವೇ ಬರೆದುಕೊಂಡರು. ನಮ್ಮವರ ಪರವಾಗಿ, ಸದ್ಯಕ್ಕೆ, ಪತ್ರಿಕೆಯನ್ನು ಓದುವ ನಾವೇ ಆ ಕಾಗದವನ್ನು ಬರೆಯಬೇಕಾಗಿದೆ.