ಲಂಡನ್ನಿನ ಉಸಿರು ಕಟ್ಟಿದ ಐದು ದಿನ

ಷರ್ಲಾಕ್ ಹೋಮ್ಸ್‌ನ ಕಥೆಗಳನ್ನು ಓದಿದವರಿಗೆ ಲಂಡನ್ನಿನ ಮಂಜು ಹೊಸದಲ್ಲ. ಗ್ಯಾಸ್ ದೀಪದ ಮಬ್ಬು ಬೆಳಕಿನಲ್ಲಿ ತೇಲುವ ಆ ಹಳದಿ ಮಂಜಿಗೆ ಕಥೆಗಾರರು ಒಂದು ಬಗೆಯ ಸೊಗಸು ತಂದುಕೊಟ್ಟಿದ್ದಾರೆ. ವಾಸ್ತವವಾಗಿ ಅದು ಕಲ್ಲಿದ್ದಲ ಹೊಗೆ ಬೆರೆತ ಮಂಜು. 1905ರಲ್ಲಿ ಡೆ ವೋ ಎಂಬ ವೈದ್ಯರು ಅದನ್ನು ‘ಸ್ಮಾಗ್’ ಎಂದು ಕರೆದರು. ಕನ್ನಡದಲ್ಲಿ ‘ಹೊಂಜು’ ಎನ್ನಬಹುದು.

ಈ ಹೊಗೆಯ ಕಾಟ ಬಹಳ ಹಳೆಯದು. 14ನೇ ಶತಮಾನದ ಆರಂಭದಲ್ಲೇ ಒಂದನೇ ಎಡ್ವರ್ಡ್ ದೊರೆ ಕಲ್ಲಿದ್ದಲು ಸುಡಕೂಡದೆಂದು ಆಜ್ಞೆ ಹೊರಡಿಸಿದ್ದ. ಜನ ಕಿವಿಗೆ ಹಾಕಿಕೊಳ್ಳಲಿಲ್ಲ. 1661ರಲ್ಲಿ ಜಾನ್ ಎವೆಲಿನ್ ಎಂಬ ವಿದ್ವಾಂಸ, ಸುಣ್ಣದ ಗೂಡು, ಬಿಯರ್ ಭಟ್ಟಿಗಳನ್ನು ಊರಾಚೆ ಸಾಗಿಸಿ, ನಗರದ ಸುತ್ತ ಪರಿಮಳದ ಗಿಡಗಳನ್ನು ನೆಡಬೇಕೆಂದು ಎರಡನೇ ಚಾರ್ಲ್ಸ್‌ಗೆ ಬರೆದುಕೊಟ್ಟ. ದೊರೆ ಮೆಚ್ಚಿಕೊಂಡ, ಹೊಗೆ ಮಾತ್ರ ಹಾಗೇ ಉಳಿಯಿತು.

1952ರ ಡಿಸೆಂಬರ್ 5ರಂದು ಈ ಉಪೇಕ್ಷೆಗೆ ಬೆಲೆ ತೆರುವ ದಿನ ಬಂತು. ಸಾಮಾನ್ಯವಾಗಿ ನೆಲದ ಬಿಸಿಗಾಳಿ ಹೊಗೆಯನ್ನು ಹೊತ್ತು ಮೇಲೇರುತ್ತದೆ. ಅಂದು ಎಲ್ಲವೂ ತಿರುವುಮುರುವು. ಕೆಳಗೆ ತಣ್ಣನೆಯ ಗಾಳಿ, ಅದರ ಮೇಲೆ ಪಾತ್ರೆಗೆ ಮುಚ್ಚಳವಿಟ್ಟಂತೆ ಬೆಚ್ಚನೆಯ ಗಾಳಿಯ ಪದರ. ಚಳಿಗೆ ಮನೆಮನೆಯಲ್ಲೂ ಅಗ್ಗಿಷ್ಟಿಕೆ ಉರಿಯುತ್ತಿತ್ತು. ಒಳ್ಳೆಯ ಕಲ್ಲಿದ್ದಲನ್ನು ವಿದೇಶಿ ವಿನಿಮಯದ ಆಸೆಗೆ ರಫ್ತು ಮಾಡಿ, ಸ್ವಂತ ಜನರಿಗೆ ಗಂಧಕ ತುಂಬಿದ ಪುಡಿ ಇದ್ದಲನ್ನು ಉಳಿಸಿದ ಕಾಲವದು. ಬಸ್ಸುಗಳ ಮುಂದೆ ಕಂಡಕ್ಟರುಗಳು ದೀಪ ಹಿಡಿದು ನಡೆದರು; ಕೊನೆಗೆ ಬಸ್ಸುಗಳೇ ನಿಂತವು. ರಂಗಮಂದಿರದೊಳಕ್ಕೂ ಹೊಂಜು ನುಗ್ಗಿ ಸಂಗೀತ ನಾಟಕವೊಂದು ಅರ್ಧಕ್ಕೇ ನಿಂತಿತು.

ಇದ್ದಲಿನ ಗಂಧಕ ಉರಿದು ಗಂಧಕದ ಡೈಆಕ್ಸೈಡ್ ಆಗುತ್ತದೆ. ಮಂಜಿನ ಹನಿಗಳಲ್ಲಿ ಅದು ಗಂಧಕಾಮ್ಲವಾಗುತ್ತದೆ. ಮಸಿಯ ಕಣಗಳೊಡನೆ ಅದನ್ನು ಉಸಿರಾಡಿದವರ ಶ್ವಾಸನಾಳ ಊದಿಕೊಂಡು, ಕಫ ಕಟ್ಟಿಕೊಂಡಿತು. ಮುದುಕರು, ಹಸುಗೂಸುಗಳು, ಹೃದ್ರೋಗಿಗಳು ಮೊದಲು ಬಲಿಯಾದರು. ಸ್ಮಿತ್‌ಫೀಲ್ಡ್ ಪ್ರದರ್ಶನಕ್ಕೆ ಬಂದಿದ್ದ ಬಹುಮಾನದ ದನಗಳೂ ಸತ್ತವು; ಕುರಿಗಳಿಗೆ ಏನೂ ಆಗಲಿಲ್ಲ. ಕುರಿಗಳ ಕೊಳಕು ಹಾಸಿನಿಂದೆದ್ದ ಅಮೋನಿಯಾ ಆಮ್ಲವನ್ನು ತಟಸ್ಥಗೊಳಿಸಿತು ಎಂಬುದು ಇದಕ್ಕೆ ಕೊಟ್ಟ ಒಂದು ವಿವರಣೆ. ಶುಚಿಯಾಗಿದ್ದದ್ದೇ ದನಗಳಿಗೆ ಮುಳುವಾಯಿತು!

ಡಿಸೆಂಬರ್ 9ಕ್ಕೆ ಗಾಳಿ ಬೀಸಿ ಹೊಂಜು ಕರಗಿತು. ಎಷ್ಟು ಜನ ಸತ್ತರೆಂಬುದು ಆಗಲೂ ಊರಿಗೆ ತಿಳಿದಿರಲಿಲ್ಲ. ಶವಪೆಟ್ಟಿಗೆಗಳೂ ಹೂಗಳೂ ಸಿಗದಾದಾಗ ಜನ ಬೆಚ್ಚಿದರು. ಮೊದಲ ಲೆಕ್ಕ ಸುಮಾರು 4,000. ಮುಂದಿನ ತಿಂಗಳುಗಳ ಸಾವುಗಳನ್ನು ಸರ್ಕಾರ ಫ್ಲೂ ಜ್ವರದ ತಲೆಗೆ ಕಟ್ಟಿತು. 2001ರಲ್ಲಿ ಪ್ರಕಟವಾದ ಮರುಲೆಕ್ಕ ಒಟ್ಟು ಸಾವು 12,000ದಷ್ಟಿರಬಹುದು ಎನ್ನುತ್ತದೆ.

ಸರ್ಕಾರ ಒಲ್ಲದ ಮನಸ್ಸಿನಿಂದಲೇ ಹ್ಯೂ ಬೀವರ್ ಸಮಿತಿಯನ್ನು ನೇಮಿಸಿತು. ಅದರ ಫಲ 1956ರ ಶುದ್ಧ ಗಾಳಿ ಕಾಯ್ದೆ. ಈ ಕಾಯ್ದೆಯ ಜಾಣತನ ಬರೀ ನಿಷೇಧದಲ್ಲಿರಲಿಲ್ಲ. ಹೊಗೆ ನಿಯಂತ್ರಣ ವಲಯಗಳಲ್ಲಿ ಅಗ್ಗಿಷ್ಟಿಕೆ ಬದಲಿಸುವವರಿಗೆ ವೆಚ್ಚದ ಹತ್ತರಲ್ಲಿ ಏಳು ಪಾಲನ್ನು ಸಾರ್ವಜನಿಕ ಹಣದಿಂದಲೇ ಕೊಡಲಾಯಿತು. ಎಡ್ವರ್ಡ್ ದೊರೆಯ ಆಜ್ಞೆಗೆ ಇಲ್ಲದ ಬಲ ಇದಕ್ಕೆ ಬಂದದ್ದು ಹೀಗೆ. ಆದರೂ 1962ರ ಹೊಂಜು ಮತ್ತೆ ನೂರಾರು ಜನರನ್ನು ಕೊಂದಿತು.

ಕಲ್ಲಿದ್ದಲ ಹೊಗೆ ಹೋಯಿತು, ಕಣ್ಣಿಗೆ ಕಾಣದ ವಾಹನದ ಹೊಗೆ ಬಂತು. ಹಳೆಯ, ಹೆಚ್ಚು ಹೊಗೆಯುಗುಳುವ ವಾಹನಗಳಿಗೆ 2019ರಿಂದ ಲಂಡನ್ನಿನ ನಡುಭಾಗದಲ್ಲಿ, 2023ರಿಂದ ಇಡೀ ನಗರದಲ್ಲಿ ದಿನದ ಶುಲ್ಕ ವಿಧಿಸಲಾಗಿದೆ. ಈ ಎರಡು ವರ್ಷಗಳ ನಡುವೆ, 2020ರ ಡಿಸೆಂಬರಿನಲ್ಲಿ, ಅಲ್ಲಿನ ವಿಚಾರಣಾಧಿಕಾರಿಯೊಬ್ಬರು ಒಂದು ತೀರ್ಪಿತ್ತರು. ವಾಹನ ದಟ್ಟಣೆಯ ರಸ್ತೆಯ ಪಕ್ಕದಲ್ಲಿ ಬೆಳೆದು, 2013ರಲ್ಲಿ ಉಬ್ಬಸದಿಂದ ತೀರಿಕೊಂಡ 9 ವರ್ಷದ ಬಾಲಕಿಯ ಮರಣ ಕಾರಣಗಳಲ್ಲಿ ‘ವಾಯುಮಾಲಿನ್ಯ’ವೂ ಸೇರಿತು. ಬ್ರಿಟನ್ನಿನಲ್ಲಿ ಅಂಥ ದಾಖಲೆ ಅದೇ ಮೊದಲು.